ಬಿಡಿಸದ ಕಾಯಿ, ಒಡೆಯದ ಕಾಳು: ಅವರೆಯ ಚರಿತ್ರೆ ಮತ್ತು ಶ್ರಾವಕಾಚಾರ

ಅವರೆಗೆ ಕನ್ನಡದಲ್ಲಿ ಮೂರು ಹೆಸರುಗಳಿವೆ. ಬಳ್ಳಿಯಿಂದ ಕಿತ್ತು ತಂದದ್ದು ಅವರೆಕಾಯಿ. ಅದರ ಸಿಪ್ಪೆ ಬಿಡಿಸಿದರೆ ಅವರೆಕಾಳು. ಆ ಕಾಳನ್ನು ನೆನೆಸಿ ಹಿದುಕಿ ತೊಗಟೆ ತೆಗೆದರೆ ಅವರೆಬೇಳೆ. ಒಂದು ಹೆಸರಿಗೂ ಮತ್ತೊಂದಕ್ಕೂ ನಡುವೆ ಇರುವುದು ಮನುಷ್ಯನ ಕೈಕೆಲಸ. ಮಾರುಕಟ್ಟೆಯಲ್ಲಿ ಮೂರಕ್ಕೂ ಬೇರೆ ಬೇರೆ ಬೆಲೆಯಿರುವುದೂ ಈ ಕಾರಣಕ್ಕೇ. ತೊಗರಿ, ಹೆಸರು, ಅಲಸಂದೆ, ಕಡಲೆ, ಬಟಾಣಿಗಳ ವಿಷಯದಲ್ಲಿಯೂ ಕನ್ನಡಿಗರು ಕಾಯಿ, ಕಾಳು, ಬೇಳೆಗಳನ್ನು ಎಂದೂ ಒಂದೇ ಎಂದು ಎಣಿಸಿದವರಲ್ಲ. ಮಧ್ಯಯುಗದ ಜೈನ ಶ್ರಾವಕಾಚಾರ ಗ್ರಂಥಗಳೂ ಈ ಮೂರು ಅವಸ್ಥೆಗಳನ್ನು ಬೇರ್ಪಡಿಸಿ ನೋಡಿ, ಒಂದೊಂದಕ್ಕೂ ಬೇರೆ ಬೇರೆ ವಿಧಿಯನ್ನು ಹೇಳಿವೆ. ಧಾರ್ಮಿಕ ನಿಷೇಧಗಳ ಪಟ್ಟಿಯೆಂದು ಓದಿ ಮುಗಿಸಿಬಿಡುವ ಆ ಸಾಲುಗಳ ಹಿಂದೆ ಹೊಲ, ಕಣ, ಕಣಜ, ಅಡುಗೆಮನೆಗಳನ್ನು ಹತ್ತಿರದಿಂದ ಕಂಡವರ ಕಣ್ಣು ಇದೆ. ಅವರೆಯ ಚರಿತ್ರೆಯನ್ನು ಆ ಸಾಲುಗಳ ಪಕ್ಕದಲ್ಲಿಟ್ಟು ಓದಿದರೆ ಎರಡೂ ಹೆಚ್ಚು ಸ್ಪಷ್ಟವಾಗುತ್ತವೆ.

ಅವರೆ ಈ ನೆಲದ ಮೂಲನಿವಾಸಿಯಲ್ಲ. ಅದರ ಕಾಡುರೂಪ ಇಂದಿಗೂ ಬೆಳೆಯುವುದು ಆಫ್ರಿಕದಲ್ಲಿ. ಕರ್ನಾಟಕದ ನವಶಿಲಾಯುಗದ ನೆಲೆಗಳಲ್ಲಿ, ಬಳ್ಳಾರಿ ಬಳಿಯ ಸಂಗನಕಲ್ಲು, ತುಂಗಭದ್ರೆಯ ದಂಡೆಯ ಹಳ್ಳೂರು ಮೊದಲಾದೆಡೆ, ಸುಟ್ಟು ಕರಿಕಾದ ಕಾಳುಗಳನ್ನು ಮಣ್ಣಿನಿಂದ ತೇಲಿಸಿ ತೆಗೆದು ಪರೀಕ್ಷಿಸಲಾಗಿದೆ. ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮೊದಲಾದವರ ಈ ಕೆಲಸದಿಂದ ತಿಳಿದುಬಂದಂತೆ, ಸುಮಾರು 4000 ವರ್ಷಗಳ ಹಿಂದೆ ಇಲ್ಲಿನ ದನಗಾಹಿ ರೈತರ ಮುಖ್ಯ ದ್ವಿದಳಗಳು ಹುರುಳಿ ಮತ್ತು ಹೆಸರು. ಅವರೆ ಕಾಣಿಸಿಕೊಳ್ಳುವುದು ಆಮೇಲೆ, ಕ್ರಿ.ಪೂ. ಎರಡನೆಯ ಸಹಸ್ರಮಾನದ ನಡುವಿನಲ್ಲಿ. ತೊಗರಿಯದೂ ಸುಮಾರಾಗಿ ಅದೇ ಕಾಲ. ರಾಗಿಯೂ ಆಫ್ರಿಕದಿಂದಲೇ ಬಂದದ್ದು. ಹಳೆಯ ಮೈಸೂರು ಸೀಮೆಯಲ್ಲಿ ಅಚ್ಚ ನಾಡ ಊಟವೆಂದು ಹೆಮ್ಮೆಪಡುವ ಮುದ್ದೆ ಮತ್ತು ಅವರೆಕಾಳಿನ ಸಾರು ಹೀಗೆ ಎರಡು ವಲಸೆಗಾರರ ಸಖ್ಯ. ಮೂರೂವರೆ ಸಾವಿರ ವರ್ಷ ಒಂದೇ ನೆಲದಲ್ಲಿ ಬಾಳಿದ ಬೆಳೆಯನ್ನು ಹೊರಗಿನದೆಂದು ಕರೆಯುವುದರಲ್ಲಿ ಅರ್ಥವಿಲ್ಲವೆಂಬುದೂ ನಿಜವೇ.

ಹೆಸರು ಮಾತ್ರ ಶುದ್ಧ ದ್ರಾವಿಡ. ತಮಿಳಿನ ಅವರೈ, ಮಲಯಾಳದ ಅವರ, ತುಳುವಿನ ಅಬರೆ ಎಲ್ಲವೂ ಒಂದೇ ಧಾತುವಿನ ಮಕ್ಕಳು. ಸಂಗಂ ಸಾಹಿತ್ಯದ ಕುರುಂತೊಗೈಯ ಪದ್ಯವೊಂದರಲ್ಲಿ ಅವರೆಯ ಬಳ್ಳಿ ಹೂಬಿಡುವುದೇ ಇಬ್ಬನಿಗಾಲದ ಗುರುತಾಗಿದೆ. ಇಂದಿನ ಮಾಗಡಿಯ ರೈತನೂ ಆ ಮಾತನ್ನು ಒಪ್ಪುತ್ತಾನೆ. ಸಂಸ್ಕೃತ ಅವರೆಯನ್ನು ನಿಷ್ಪಾವವೆನ್ನುತ್ತದೆ, ಪ್ರಾಕೃತದಲ್ಲಿ ಅದು ನಿಪ್ಫಾವ. ಅಲಸಂದೆಯ ಕತೆ ಇನ್ನೂ ಕುತೂಹಲಕರ. ಅದು ಅಲೆಕ್ಸಾಂಡ್ರಿಯದಿಂದ ಬಂದ ಕಾಳು, ಪಾಲಿ ಗ್ರಂಥಗಳು ಆ ಪಟ್ಟಣವನ್ನು ಅಲಸಂದವೆಂದು ಕರೆದಿವೆಯಲ್ಲ ಎಂದು ಕೆಲವರು ಊಹಿಸಿದ್ದಾರೆ. ಊಹೆ ಸೊಗಸಾಗಿದೆ, ಆದರೆ ಧ್ವನಿಸಾಮ್ಯವೊಂದನ್ನೇ ಹಿಡಿದು ಕಾಳನ್ನು ಹಡಗಿಗೆ ಹತ್ತಿಸುವುದು ಅವಸರದ ಕೆಲಸ. ಬಟಾಣಿಯ ಹೆಸರಿಗೆ ಅಷ್ಟು ಕಷ್ಟವಿಲ್ಲ. ಮರಾಠಿಯ ವಾಟಾಣಾ, ತೆಲುಗಿನ ಬಠಾಣಿ, ತಮಿಳಿನ ಪಟ್ಟಾಣಿಗಳ ಜೊತೆ ಅದು ಸಲೀಸಾಗಿ ನಿಲ್ಲುತ್ತದೆ. ಪಶ್ಚಿಮ ಏಷ್ಯದ ಚಳಿಗಾಲದ ಬೆಳೆಯಾದ ಬಟಾಣಿ ಹರಪ್ಪನ್ನರಿಗೆ ಪರಿಚಿತವಾಗಿತ್ತು. ಉತ್ತರದ ಊಟದಲ್ಲಿ ಅದಕ್ಕಿರುವ ಸ್ಥಾನ ದಕ್ಷಿಣ ಕರ್ನಾಟಕದಲ್ಲಿ ಅವರೆಗೇ ಮೀಸಲಾಯಿತು.

ಈ ಹೆಸರುಗಳೆಲ್ಲ ಒಟ್ಟಾಗಿ ಸಿಗುವ ಒಂದು ಹಳೆಯ ಪಟ್ಟಿ ಜೈನ ಆಗಮಗಳಲ್ಲಿದೆ. ಶ್ವೇತಾಂಬರ ಪರಂಪರೆಯ ಭಗವತೀಸೂತ್ರ ಎಂಬ ವ್ಯಾಖ್ಯಾಪ್ರಜ್ಞಪ್ತಿಯ ಆರನೆಯ ಶತಕದಲ್ಲಿ ಗೌತಮ ಗಣಧರರು ಮಹಾವೀರರನ್ನು ಕೇಳುವ ಪ್ರಶ್ನೆಯೊಂದಿದೆ. ಧಾನ್ಯವನ್ನು ಕೊಟ್ಟಿಗೆಯಲ್ಲಿ, ಪಲ್ಲದಲ್ಲಿ, ಮಂಚದ ಮೇಲೆ, ಅಟ್ಟದ ಮೇಲೆ ತುಂಬಿಟ್ಟು, ಬಾಯಿ ಮುಚ್ಚಿ, ಸಾರಿಸಿ, ಮುದ್ರೆಯೊತ್ತಿಟ್ಟರೆ ಅದರ ಯೋನಿ, ಎಂದರೆ ಮೊಳೆಯುವ ಶಕ್ತಿ, ಎಷ್ಟು ಕಾಲ ಉಳಿಯುತ್ತದೆ? ಉತ್ತರ ಮೂರು ಭಾಗವಾಗಿ ಬರುತ್ತದೆ. ಅಕ್ಕಿ, ಗೋಧಿ, ಜವೆಗಳಿಗೆ ಹೆಚ್ಚೆಂದರೆ ಮೂರು ವರ್ಷ. ಅಗಸೆ, ಕುಸುಬೆ, ಹಾರಕ ಮೊದಲಾದವುಗಳಿಗೆ ಏಳು ವರ್ಷ. ಈ ಎರಡರ ನಡುವೆ ಐದು ವರ್ಷದ ಗುಂಪೊಂದಿದೆ: ಕಲಾಯ, ಮಸೂರ, ಎಳ್ಳು, ಹೆಸರು, ಉದ್ದು, ನಿಪ್ಫಾವ, ಹುರುಳಿ, ಆಲಿಸಂದಗ, ಸಈಣ, ಪಲಿಮಂಥಗ. ಎಳ್ಳನ್ನು ಬಿಟ್ಟರೆ ಉಳಿದವೆಲ್ಲ ದ್ವಿದಳಗಳೇ. ನಿಪ್ಫಾವವೇ ಅವರೆ. ಆಲಿಸಂದಗವನ್ನು ಕನ್ನಡ ಓದುಗರಿಗೆ ಅನುವಾದಿಸಿ ಹೇಳಬೇಕಾಗಿಯೇ ಇಲ್ಲ. ಸಈಣ ಸಂಸ್ಕೃತದ ಸತೀನ, ಅಂದರೆ ಬಟಾಣಿಯ ಜಾತಿ. ಪಲಿಮಂಥಗ ಕಡಲೆಯ ಜಾತಿ.

ಈ ಲೆಕ್ಕ ಕಣಜದ ಲೆಕ್ಕ. ಬೀಜದ ಕಾಳನ್ನು ವರ್ಷದಿಂದ ವರ್ಷಕ್ಕೆ ಕಾಪಿಟ್ಟು, ಯಾವುದು ಮೊಳೆತೀತು, ಯಾವುದು ಕೈಕೊಟ್ಟೀತು ಎಂದು ನೋಡಿದವರ ಅನುಭವ ಇದರೊಳಗಿದೆ. ಆದರೆ ಆಗಮಕಾರರ ಕಾಳಜಿ ಬಿತ್ತನೆಯದಲ್ಲ, ಜೀವದ್ದು. ಒಣಗಿದ ಕಾಳು ಜೀವವೋ ಅಜೀವವೋ? ಈ ಪ್ರಶ್ನೆಗೆ ಎರಡೂ ಪರಂಪರೆಗಳು ಒಂದೇ ಬಗೆಯ ಉತ್ತರವನ್ನು ಕೊಡುತ್ತವೆ. ಶ್ವೇತಾಂಬರರ ಪ್ರಜ್ಞಾಪನಾಸೂತ್ರವೂ, ಶ್ರವಣಬೆಳಗೊಳದ ಚಾವುಂಡರಾಯನ ಗುರುಗಳಾಗಿದ್ದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರವೂ ಬೀಜವನ್ನು ಯೋನಿಯೆಂದು ಕರೆದು, ಅದು ಮೊಳೆಯುವಾಗ ಹಿಂದಿದ್ದ ಜೀವವೇ ಅದರೊಳಗೆ ಬರಬಹುದು ಇಲ್ಲವೇ ಬೇರೊಂದು ಜೀವ ಬರಬಹುದು ಎನ್ನುತ್ತವೆ. ಎಂದರೆ ಕಾಳು ಮನೆ. ಮನೆಯಲ್ಲಿ ಯಾರಿದ್ದಾರೆಂಬುದು ಹೊರಗಿನಿಂದ ತಿಳಿಯದು. ಜೈನ ಅಡುಗೆಮನೆಗಳಲ್ಲಿ ಮೊಳಕೆ ಕಾಳನ್ನು ಕುರಿತ ಹಿಂಜರಿಕೆ, ಕಾಳನ್ನು ಅಳತೆ ಮೀರಿ ನೆನೆಯಬಿಡಬಾರದೆಂಬ ಎಚ್ಚರ ಹುಟ್ಟಿದ್ದು ಈ ವಿಚಾರದಿಂದ.

ಇನ್ನು ಹೊಲ. ಹಳೆಯ ಮೈಸೂರಿನಲ್ಲಿ ಅವರೆಗೆ ತನ್ನದೇ ಆದ ಹೊಲವಿದ್ದದ್ದು ಕಡಿಮೆ. ಅದು ರಾಗಿಯ ಹೊಲದಲ್ಲಿ ಅಕ್ಕಡಿ ಸಾಲಾಗಿ ಬೆಳೆದ ಬೆಳೆ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮತ್ತು ಸಸ್ಯವಿಜ್ಞಾನಿ 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಇದನ್ನು ತಾಳ್ಮೆಯಿಂದ ದಾಖಲಿಸಿದ್ದಾನೆ. ಕೂರಿಗೆಯಲ್ಲಿ ರಾಗಿ ಬಿತ್ತುತ್ತ ಹೋದಂತೆ, ಕೂರಿಗೆಯ ಹಿಂದೆ ಕಟ್ಟಿದ ಬಿದಿರಿನ ಕೊಳವೆಯಿಂದ ಅವರೆಯನ್ನೋ ತೊಗರಿಯನ್ನೋ ಪ್ರತ್ಯೇಕ ಸಾಲಿನಲ್ಲಿ ಬಿಡುವ ಕ್ರಮ ಅದು. ಬುಕಾನನ್‌ನ ವರದಿಯಲ್ಲಿ ಕಂಪನಿಯ ಕಂದಾಯದ ಕಣ್ಣು ಇದ್ದೇ ಇದೆ. ಆದರೂ ಎರಡು ಶತಮಾನದ ಹಿಂದಿನ ಕನ್ನಡ ರೈತನ ಹೊಲವನ್ನು ಸಾಲು ಸಾಲಾಗಿ ಎಣಿಸಿ ಬರೆದಿಟ್ಟ ಅಂಥ ದಾಖಲೆಗಳು ವಿರಳ.

ಈ ಜೋಡಿಯ ಜಾಣತನ ಕಾಲದಲ್ಲಿದೆ. ಆಷಾಢದ ಹೊತ್ತಿಗೆ ಬಿತ್ತಿದ ರಾಗಿ ಕಾರ್ತಿಕದಲ್ಲಿ ಕೊಯ್ಲಿಗೆ ಬರುತ್ತದೆ. ಅಲ್ಲಿಯವರೆಗೆ ರಾಗಿಯ ನೆರಳಿನಲ್ಲಿ ಅಡಗಿದಂತಿದ್ದ ಅವರೆ, ರಾಗಿ ಕೊಯ್ದು ಹೊಲ ಬಯಲಾದ ಮೇಲೆ ಹಬ್ಬಲು ತೊಡಗುತ್ತದೆ. ಮಳೆ ನಿಂತಿರುತ್ತದೆ, ಆಳಕ್ಕಿಳಿದ ಬೇರಿಗೆ ಮಣ್ಣಿನ ಹಸಿ ಸಾಕು, ಮೇಲೆ ಇಬ್ಬನಿಯಿದೆ. ಹಳೆಯ ತಳಿಗಳು ಹೂಬಿಡುವುದು ಹಗಲು ಕಿರಿದಾದ ಮೇಲೆಯೇ. ಎಷ್ಟು ಮೊದಲು ಬಿತ್ತಿದರೂ ಅವು ಚಳಿಗಾಲವನ್ನು ಕಾಯುತ್ತವೆ. ಆದ್ದರಿಂದ ಮಾರ್ಗಶಿರ, ಪುಷ್ಯಗಳೇ ಅವರೆಕಾಯಿಯ ಕಾಲ. ಸಂಕ್ರಾಂತಿಯಂದು ಕಬ್ಬು, ಗೆಣಸು, ಕಡಲೆಕಾಯಿಗಳ ಜೊತೆ ಉಪ್ಪು ಹಾಕಿ ಬೇಯಿಸಿದ ಅವರೆಕಾಯಿ ಇರಲೇಬೇಕು. ಬೇರಿನ ಗಂಟುಗಳಲ್ಲಿ ಸಾರಜನಕವನ್ನು ಹಿಡಿದಿಟ್ಟು ಮುಂದಿನ ರಾಗಿಗೆ ಉಳಿಸುವುದೂ ಅದೇ ಗಿಡ. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಇದೇ ಕಾಲಕ್ಕೆ ಬರುವುದು ಎಳ್ಳಮಾವಾಸ್ಯೆ. ಕಲಬುರಗಿ, ಬೀದರ್ ಕಡೆ ಅಂದು ಹೊಲದಲ್ಲಿ ಕುಳಿತು ಉಣ್ಣುವ ಭಜ್ಜಿಯಲ್ಲಿ ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿಗಳೆಲ್ಲ ಒಂದೇ ಪಾತ್ರೆಯಲ್ಲಿ ಸೇರುತ್ತವೆ.

ಬೆಂಗಳೂರಿನ ಹೆಸರನ್ನೂ ಕಾಳಿಗೆ ಕಟ್ಟಿದ್ದಾರೆ. ಬೇಟೆಯಲ್ಲಿ ದಾರಿ ತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳು, ಊರು ಬೆಂದಕಾಳೂರಾಯಿತು ಎಂಬ ಐತಿಹ್ಯ ಪ್ರಸಿದ್ಧ. ಇಮ್ಮಡಿ ಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಬೇಗೂರಿನ ದೇವಾಲಯದಲ್ಲಿರುವ, ಸುಮಾರು 890ರದೆನ್ನಲಾದ ಗಂಗರ ಕಾಲದ ವೀರಗಲ್ಲಿನ ಶಾಸನ ಬೆಂಗಳೂರ ಕಾಳೆಗವನ್ನು ಹೆಸರಿಸುತ್ತದೆ. ಬಲ್ಲಾಳ ಹುಟ್ಟುವುದಕ್ಕೆ ಮುನ್ನೂರು ವರ್ಷ ಸಮೀಪಿಸುವಷ್ಟು ಮೊದಲೇ ಊರಿಗೆ ಆ ಹೆಸರಿತ್ತೆಂದ ಮೇಲೆ ಐತಿಹ್ಯ ನಿಲ್ಲುವುದಿಲ್ಲ. ಆದರೆ ಬಡವರ ಮನೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಬಂದ ಅತಿಥಿಗೆ ಕೊಡಲು ಇರುತ್ತಿದ್ದದ್ದು ಬೆಂದ ಕಾಳು ಎಂಬ ಸಾಮಾಜಿಕ ಸತ್ಯ ಆ ಕತೆಯಲ್ಲಿ ಉಳಿದುಕೊಂಡಿದೆ.

ಅವರೆಕಾಯಿಯನ್ನು ಗುರುತಿಸುವುದು ಕಣ್ಣಿಗಿಂತ ಮೊದಲು ಮೂಗು. ಹಳೆಯ ತಳಿಯ ಕಾಯಿಯ ಮೇಲೆ ಜಿಡ್ಡಿನಂಥದೊಂದು ಒಸರುತ್ತದೆ. ಅದರಲ್ಲಿರುವುದು ಮೇದಾಮ್ಲಗಳು. ಮುಟ್ಟಿದ ಕೈಗೆ ಅಂಟಿಕೊಂಡು ಗಂಟೆಗಟ್ಟಲೆ ಬಿಡದ ಆ ಘಾಟು ವಾಸನೆಗೆ ಕನ್ನಡದಲ್ಲಿ ಸೊಗಡು ಎಂದು ಹೆಸರು. ಚಳಿ ಹೆಚ್ಚಿದಷ್ಟೂ, ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚೆಂಬುದು ಬೆಳೆಗಾರರ ನಂಬಿಕೆ. ಕೊಳ್ಳುವವರೂ ಕಾಯಿಯನ್ನು ಮೂಸಿ ನೋಡಿಯೇ ಕೊಳ್ಳುತ್ತಾರೆ. ಸಾಹಿತ್ಯ ವಿಮರ್ಶೆಯಲ್ಲಿ ನೆಲದ ಸೊಗಡು, ಭಾಷೆಯ ಸೊಗಡು ಎಂದು ಧಾರಾಳವಾಗಿ ಬರೆಯುವವರಿಗೆ ಈ ಮಾತು ಜಿಡ್ಡು ಜಿಡ್ಡಾಗಿ ಬೆರಳಿಗೆ ಅಂಟುವ ವಾಸನೆಯಿಂದ ಬಂದದ್ದೆಂಬ ನೆನಪು ಇದ್ದರೆ ಒಳ್ಳೆಯದು. ಸೊಗಡು ಸುಗಂಧವಲ್ಲ, ಎಲ್ಲರಿಗೂ ಒಗ್ಗುವುದೂ ಇಲ್ಲ.

ಕಾಯಿ ಬಿಡಿಸುವುದು ಬಿಡುವಿನ ಕೆಲಸವೆಂದು ಹೊರಗಿನವರು ತಿಳಿಯುತ್ತಾರೆ. ಜಗಲಿಯ ಮೇಲೆ ಮೊರ ಮುಂದಿಟ್ಟುಕೊಂಡು ಮನೆಮಂದಿ ಮಾತಾಡುತ್ತ ಬಿಡಿಸುವ ಚಿತ್ರ ಹಾಗೆ ಅನ್ನಿಸುವಂತೆಯೂ ಇದೆ. ಆದರೆ ಒಂದು ಸೇರು ಕಾಳಿಗೆ ಬೇಕಾದ ಕಾಯಿಗಳನ್ನು ಒಂದೊಂದಾಗಿ ಸೀಳಿದವರಿಗೆ ಹೆಬ್ಬೆರಳಿನ ನೋವು ಗೊತ್ತು. ಆ ಮೇಲೆ ಹಿದುಕುವುದು: ಬಲಿತ ಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಹೊರಬರುತ್ತದೆ, ತೊಗಟೆ ಬೆರಳಲ್ಲಿ ಉಳಿಯುತ್ತದೆ. ಹಿದುಕಿದಬೇಳೆಯ ಸಾರು ತಿನ್ನುವುದು ಕಾಲು ಗಂಟೆ, ಅದರ ತಯಾರಿ ಒಂದೂವರೆ ದಿನ. ಈ ದುಡಿಮೆಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹೊತ್ತವರು ಹೆಂಗಸರು. ಅಡುಗೆಶಾಸ್ತ್ರ ಬರೆದವರು ಗಂಡಸರಾದ್ದರಿಂದ ಅದರಲ್ಲಿ ಪಾಕಗಳು ಬಂದವು, ಹೆಬ್ಬೆರಳು ಬರಲಿಲ್ಲ. ಸುಮಾರು 1025ರ ಇಮ್ಮಡಿ ಚಾವುಂಡರಾಯನ ಲೋಕೋಪಕಾರ ಗಿಡಮರಗಳ ಆರೈಕೆಯನ್ನೂ ಅಡುಗೆಯನ್ನೂ ಒಂದೇ ಗ್ರಂಥದಲ್ಲಿ ಹೇಳಿದ ಅಪರೂಪದ ಕೃತಿ. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ಸೂಪಶಾಸ್ತ್ರ ಸಸ್ಯಾಹಾರದ ವೈಭವವನ್ನೇ ಷಟ್ಪದಿಯಲ್ಲಿ ಬಡಿಸುತ್ತದೆ. ಇಬ್ಬರೂ ಜೈನರು, ಇಬ್ಬರೂ ಕಾಳುಬೇಳೆಗಳನ್ನು ಬಲ್ಲವರು. ಬಿಡಿಸುವ ಕೆಲಸಕ್ಕೆ ಒಂದು ಗ್ರಂಥಸ್ಥ ಘನತೆ ಬಂದದ್ದು ಮಾತ್ರ ಪಾಕಶಾಸ್ತ್ರದಿಂದಲ್ಲ, ಆಚಾರಶಾಸ್ತ್ರದಿಂದ.

ಆ ಮಾತು ಬರುವುದು ಪಂಡಿತ ಆಶಾಧರನ ಸಾಗಾರಧರ್ಮಾಮೃತದಲ್ಲಿ. ಆಶಾಧರ 13ನೆಯ ಶತಮಾನದವನು. ಮೇವಾಡದ ಮಂಡಲಗಢದಿಂದ ಮಾಳವದ ಧಾರಾನಗರಕ್ಕೆ, ಅಲ್ಲಿಂದ ನಲಕಚ್ಛಪುರಕ್ಕೆ ಬಂದು ನೆಲೆಸಿದವನು. ಅವನು ಮುನಿಯಲ್ಲ, ಗೃಹಸ್ಥ. ಗೃಹಸ್ಥನೊಬ್ಬ ಗೃಹಸ್ಥರಿಗಾಗಿ ಬರೆದ ಗ್ರಂಥವಾದ್ದರಿಂದಲೇ ಅದರಲ್ಲಿ ಅಡುಗೆಮನೆಯ ವಿವರ ಅಷ್ಟು ನಿಖರ. ಮದ್ಯ, ಮಾಂಸ, ಮಧುಗಳ ಜೊತೆ ಐದು ಉದುಂಬರ ಫಲಗಳನ್ನು ಬಿಡುವುದು ಶ್ರಾವಕನ ಮೂಲಗುಣ. ಅತ್ತಿ, ಆಲ, ಅರಳಿ ಜಾತಿಯ ಹಣ್ಣುಗಳ ಒಳಗೆ ಹುಳುವಿರುವುದು ಕನ್ನಡದ ಗಾದೆಗಳಿಗೂ ಗೊತ್ತಿರುವ ಸಂಗತಿ. ಆಶಾಧರ ಈ ವ್ರತವನ್ನು ಅತ್ತಿಯ ಹಣ್ಣಿಗೇ ನಿಲ್ಲಿಸುವುದಿಲ್ಲ. ಉದುಂಬರವ್ರತಿಯಾದವನು ತನಗೆ ತಿಳಿಯದ ಯಾವ ಹಣ್ಣನ್ನೂ ತಿನ್ನಬಾರದು, ಬದನೆಯಂಥವನ್ನು ಸೀಳದೆ ತಿನ್ನಬಾರದು, ಹಾಗೆಯೇ ಕಾಳುಗಳ ಸಿಂಬಿಯನ್ನು, ಎಂದರೆ ಕಾಯಿಯನ್ನು, ಬಿಡಿಸದೆ ತಿನ್ನಬಾರದು ಎನ್ನುತ್ತಾನೆ. ನಿಷೇಧ ಕಾಯಿಯ ಮೇಲಲ್ಲ, ಬಿಡಿಸದಿರುವುದರ ಮೇಲೆ. ಒಳಗನ್ನು ನೋಡದೆ ಬಾಯಿಗಿಡುವುದೇ ದೋಷ.

ಅವರೆ ಬೆಳೆಯುವವರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಕಾಯಿಕೊರಕ ಹುಳು ಕಾಯಿಯ ಮೇಲೆ ಸಣ್ಣ ತೂತು ಮಾಡಿ ಒಳಹೊಕ್ಕು ಕಾಳನ್ನು ತಿನ್ನುತ್ತದೆ. ಎಳೆಯ ಹುಳು ಹೊಕ್ಕಾಗ ತೂತು ಕಣ್ಣಿಗೆ ಬೀಳುವಂತೆಯೂ ಇರುವುದಿಲ್ಲ. ಸೀಳಿದಾಗಲಷ್ಟೇ ಹಸಿರು ಹುಳು ಹಸಿರು ಕಾಳಿನ ಪಕ್ಕದಲ್ಲಿ ಮಲಗಿರುವುದು ಕಾಣುತ್ತದೆ. ಬಿಡಿಸುವ ಮೊರದಲ್ಲಿ ಹುಳುಗಾಯಿ ಬೇರೆ ಮಾಡುವುದು ಎಲ್ಲ ಮನೆಗಳ ಪದ್ಧತಿ. ಶ್ರಾವಕನ ಮನೆಯಲ್ಲಿ ಅದು ವ್ರತದ ಭಾಗ. ನೀರು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಡಬೇಕೆಂದು ವಿಧಿಸಿದ ಪರಂಪರೆಯಲ್ಲಿ, ಆ ಹುಳುವನ್ನು ಹೊಸಕಿ ಎಸೆಯುವುದಕ್ಕೆ ಅವಕಾಶವಿಲ್ಲ.

ಎರಡನೆಯ ವಿಧಿ ಕಾಳಿನದು. ಅದೇ ಗ್ರಂಥದ ಮುಂದಿನ ಅಧ್ಯಾಯವೊಂದರಲ್ಲಿ ಆಶಾಧರ ಹಸಿ ಗೋರಸದೊಡನೆ ಬೆರೆತ ದ್ವಿದಳವನ್ನು, ಸಾಮಾನ್ಯವಾಗಿ ಹಳೆಯದಾದ ದ್ವಿದಳವನ್ನು, ಮಳೆಗಾಲದಲ್ಲಿ ಒಡೆಯದ ದ್ವಿದಳವನ್ನು ಮತ್ತು ಸೊಪ್ಪನ್ನು ಬಿಡಬೇಕೆನ್ನುತ್ತಾನೆ. ಇವುಗಳಲ್ಲಿ ಮೊದಲನೆಯದು ಹಾಲು, ಮೊಸರು, ಮಜ್ಜಿಗೆಗಳ ಜೊತೆ ಬೇಳೆಕಾಳು ಸೇರಿಸಬಾರದೆಂಬ ಪ್ರಸಿದ್ಧ ನಿಯಮ. ಅವನಿಗಿಂತ ಹಿಂದಿನ ಹೇಮಚಂದ್ರ ಯೋಗಶಾಸ್ತ್ರದಲ್ಲಿ ಇದಕ್ಕೆ ಕೊಡುವ ಕಾರಣ, ಆ ಮಿಶ್ರಣದಲ್ಲಿ ಹುಟ್ಟುವ ಸೂಕ್ಷ್ಮ ಜೀವಿಗಳನ್ನು ಕೇವಲಿಗಳು ಕಂಡಿದ್ದಾರೆ ಎಂಬುದು. ಅದು ಶ್ರದ್ಧೆಯ ಮಾತು; ಸಾಮಾನ್ಯರ ಕಣ್ಣಿಗೆ ಕಾಣದ್ದು. ದ್ವಿದಳವೆಂದರೆ ಎರಡು ಸಮಭಾಗವಾಗಿ ಒಡೆಯುವುದು, ಹಿಂಡಿದರೆ ಎಣ್ಣೆ ಬಿಡದ್ದು ಎಂದು ಪರಂಪರೆ ಲಕ್ಷಣ ಹೇಳಿದೆ. ಅಮೆರಿಕ ಖಂಡದಿಂದ ಬಂದ ಕಡಲೆಕಾಯಿ ಪೂರ್ವಾಚಾರ್ಯರಿಗೆ ಗೊತ್ತಿಲ್ಲದ್ದಾದರೂ, ಈ ಎಣ್ಣೆಯ ಲಕ್ಷಣದಿಂದ ಅದು ದ್ವಿದಳದಿಂದ ಪಾರಾಯಿತು. ಅವರೆ, ಬಟಾಣಿಗಳಿಗೆ ಅಂಥ ಪಾರಾಗುವ ದಾರಿಯಿಲ್ಲ.

ಮಳೆಗಾಲದ ಒಡೆಯದ ಕಾಳಿನ ಮಾತು ಹಾಗಲ್ಲ. ಅದು ಯಾರ ಕಣ್ಣಿಗೂ ಕಾಣುವ ಸಂಗತಿ. ಕಾಳಿಗೆ ಬೀಳುವ ಗುಂಗಾಡಿಯಂಥ ದುಂಬಿ ನುಣುಪಾದ ಇಡಿ ಕಾಳಿನ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳು ತೊಗಟೆಯನ್ನು ಕೊರೆದು ಒಳಗೆ ಸೇರಿ, ಅಲ್ಲಿಯೇ ತಿಂದು ಬೆಳೆದು, ಕೊನೆಗೆ ದುಂಡನೆಯ ಕಿಂಡಿ ಮಾಡಿ ಹೊರಬರುತ್ತದೆ. ಕಿಂಡಿ ಕಾಣುವವರೆಗೆ ಕಾಳು ಹೊರನೋಟಕ್ಕೆ ಇಡಿಯಾಗಿಯೇ ಇರುತ್ತದೆ. ಬೆಚ್ಚಗಿನ ತೇವದ ಮಳೆಗಾಲ ಈ ದುಂಬಿಗೆ ಹಬ್ಬ. ಒಡೆದ ಬೇಳೆಯಲ್ಲಿ ಅದು ಅಷ್ಟಾಗಿ ನೆಲೆಗೊಳ್ಳಲಾರದು. ಒಡೆದದ್ದರಲ್ಲಿ ಅಡಗಲು ಜಾಗವೂ ಇಲ್ಲ, ಇದ್ದರೂ ಕಾಣುತ್ತದೆ. ಮಳೆಗಾಲದಲ್ಲಿ ಬೇಳೆಯನ್ನು ತಿನ್ನು, ಕಾಳನ್ನು ಬಿಡು ಎಂಬ ಆಶಾಧರನ ವಿಧಿ ಹೀಗೆ ಕೀಟದ ಜೀವನಚಕ್ರಕ್ಕೆ ಕರಾರುವಾಕ್ಕಾಗಿ ಹೊಂದುತ್ತದೆ. ಕಾಯಿಯ ವಿಧಿಗೂ ಕಾಳಿನ ವಿಧಿಗೂ ತತ್ತ್ವ ಒಂದೇ: ತೆರೆದು ನೋಡಲು ಆಗುವುದನ್ನು ತೆರೆದು ನೋಡು, ಆಗದ್ದನ್ನು ಆ ಕಾಲಕ್ಕೆ ಬಿಡು.

ರೈತರೂ ವರ್ತಕರೂ ತಮ್ಮ ಕಾರಣಗಳಿಗಾಗಿ ಇದೇ ದಾರಿಗೆ ಬಂದಿದ್ದರು. ತೊಗರಿಯನ್ನು ನೆನೆಸಿ, ಕೆಮ್ಮಣ್ಣು ಬಳಿದು, ಬಿಸಿಲಿಗೆ ಹರಡಿ ಒಣಗಿಸಿ, ಬೀಸುವ ಕಲ್ಲಿನಲ್ಲಿ ಒಡೆದು ಬೇಳೆ ಮಾಡುವುದು ದಕ್ಷಿಣದ ಹಳ್ಳಿಗಳ ಹಳೆಯ ಪದ್ಧತಿ. ಕೆಮ್ಮಣ್ಣು ತೊಗಟೆಯನ್ನು ಸಡಿಲಿಸುತ್ತದೆ, ಹುಳುವನ್ನು ದೂರವಿಡುತ್ತದೆ. ಮಳೆಗಾಲಕ್ಕೆ ಮುಂಚೆ ಬೇಸಿಗೆಯಲ್ಲಿ ಬೇಳೆ ಒಡೆದಿಟ್ಟುಕೊಳ್ಳುವ ಮನೆವಾರ್ತೆಗೂ ಶ್ರಾವಕಾಚಾರಕ್ಕೂ ಯಾವುದು ಮೊದಲು ಎಂದು ಕೇಳುವುದರಿಂದ ಲಾಭವಿಲ್ಲ. ವ್ರತಗಳು ಆಕಾಶದಿಂದ ಇಳಿದವಲ್ಲ. ಮನೆವಾರ್ತೆಯೂ ನೀತಿಯಿಲ್ಲದೆ ನಡೆದದ್ದಲ್ಲ.

ಜೈನರು ಬೇಸಾಯ ಮಾಡುವವರಲ್ಲ, ವ್ಯಾಪಾರಿಗಳು ಮಾತ್ರ ಎಂಬ ತಿಳಿವಳಿಕೆ ಕರ್ನಾಟಕದ ಮಟ್ಟಿಗೆ ತಪ್ಪು. ಆದಿನಾಥನು ಪ್ರಜೆಗಳಿಗೆ ಕಲಿಸಿದ ಆರು ಕರ್ಮಗಳಲ್ಲಿ ಅಸಿ, ಮಸಿಗಳ ಜೊತೆ ಕೃಷಿಯೂ ಇದೆ. ಜಿನಸೇನಾಚಾರ್ಯರ ಆದಿಪುರಾಣ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಬೆಳಗಾವಿ, ಕೊಲ್ಲಾಪುರ, ಸಾಂಗಲಿ ಸೀಮೆಯ ಚತುರ್ಥ ಜೈನರು ತಲೆತಲಾಂತರದಿಂದ ಒಕ್ಕಲುತನ ಮಾಡಿದವರು. ಅವರಿಗೆ ಹುಳುಗಾಯಿಯ ಪ್ರಶ್ನೆ ಮೊರದಲ್ಲಿ ಹುಟ್ಟಿದ್ದಲ್ಲ, ಹೊಲದಲ್ಲಿ ಹುಟ್ಟಿದ್ದು. ಬೇಸಾಯದಲ್ಲಿ ಆಗುವ ಹಿಂಸೆಯನ್ನು ಶಾಸ್ತ್ರ ಉದ್ಯೋಗೀ ಹಿಂಸೆಯೆಂದು ಕರೆದು, ಸಂಕಲ್ಪಪೂರ್ವಕ ಹಿಂಸೆಯಿಂದ ಬೇರ್ಪಡಿಸಿದೆ. ನೇಗಿಲು ಎಳೆಯುವಾಗ ಸಾಯುವ ಜೀವ ಮೊದಲನೆಯದಕ್ಕೆ ಸೇರುತ್ತದೆ. ಕಾಯಿಕೊರಕವನ್ನು ಕೊಲ್ಲಬೇಕೆಂದೇ ಸಿಂಪಡಿಸುವ ಔಷಧ ಯಾವುದಕ್ಕೆ ಸೇರುತ್ತದೆಂಬುದು ಅಷ್ಟು ಸುಲಭವಾಗಿ ತೀರುವ ಮಾತಲ್ಲ. ಬೆಳೆ ಉಳಿಸಿಕೊಳ್ಳಬೇಕಾದ ರೈತನಿಗೆ ಆ ತರ್ಕದಲ್ಲಿ ಕುಳಿತುಕೊಳ್ಳುವ ಪುರುಸೊತ್ತ‌ಿಲ್ಲವೆಂಬುದೂ ಅಷ್ಟೇ ನಿಜ.

ಆದರೆ ಇದರ ಪರಿಣಾಮ ಅಡುಗೆಮನೆಯವರೆಗೂ ಬಂದಿದೆ. ಇಂದು ಪೇಟೆಯಲ್ಲಿ ಸಿಗುವ ಕಾಯಿಯನ್ನು ಬಿಡಿಸಿದರೆ ಹುಳು ಕಾಣುವುದು ಹಿಂದಿಗಿಂತ ಕಡಿಮೆ. ವ್ರತಿ ಕಾಯಿ ಸೀಳಿ ನೋಡುತ್ತಾನೆ, ಕಾಳು ಸ್ವಚ್ಛವಾಗಿದೆ, ವಿಧಿ ಪಾಲನೆಯಾಯಿತು. ಹುಳು ಇಲ್ಲದಿರುವುದು ಅದು ಹುಟ್ಟದೆ ಇದ್ದದ್ದರಿಂದಲ್ಲ. ನೋಡುವ ಕಣ್ಣು ತಲುಪುವ ಮೊದಲೇ ಹೊಲದಲ್ಲಿ ಸತ್ತದ್ದರಿಂದ. ಆಶಾಧರನ ವಿಧಿ ನಿಂತಿದ್ದದ್ದು ತಿನ್ನುವವನ ಕಣ್ಣಿನ ಮೇಲೆ, ಆ ಕಣ್ಣಿನ ಎದುರಿಗೇ ಜೀವವಿರುತ್ತದೆಂಬ ಭರವಸೆಯ ಮೇಲೆ. ಹಿಂಸೆ ಮೊರದಿಂದ ಹೊಲಕ್ಕೆ, ಮನೆಯಿಂದ ಊರಾಚೆಗೆ ಸರಿದಾಗ ಅಕ್ಷರಶಃ ಪಾಲನೆಯಾದ ವಿಧಿ ಒಳಗಿನಿಂದ ಟೊಳ್ಳಾಗುತ್ತದೆ. ಈ ಕಾಲದ ಶ್ರಾವಕಾಚಾರ ವ್ಯಾಖ್ಯಾನಕಾರರು ಬೇರುತರಕಾರಿಗಳ ಮೇಲೆ ವ್ಯಯಿಸುವ ಮಾತುಗಳಲ್ಲಿ ಕಾಲುಭಾಗವನ್ನಾದರೂ ಇದಕ್ಕೆ ಕೊಡಬಹುದಿತ್ತು.

ಕಾಲದ ಕಟ್ಟೂ ಸಡಿಲವಾಗಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಹೊರತಂದ ಹೆಬ್ಬಾಳ ಅವರೆ ತಳಿಗಳಲ್ಲಿ 3 ಮತ್ತು 4ನೆಯವು ಹಗಲಿನ ಉದ್ದಕ್ಕೆ ಕಾಯುವುದಿಲ್ಲ; ಯಾವಾಗ ಬಿತ್ತಿದರೂ ಹೂಬಿಡುತ್ತವೆ. ಬಳ್ಳಿಯಾಗಿ ಹಬ್ಬದೆ ಗಿಡವಾಗಿ ನಿಲ್ಲುತ್ತವೆ, ಬೇಗ ಕಾಯಿ ಕೊಡುತ್ತವೆ. ಸಣ್ಣ ಹಿಡುವಳಿದಾರನಿಗೆ ಇದರಿಂದಾದ ಉಪಕಾರ ದೊಡ್ಡದು, ಅದನ್ನು ಅಲ್ಲಗಳೆಯುವುದು ಅನ್ಯಾಯ. ರಾಗಿಯ ಅಕ್ಕಡಿಯಿಂದ ಬಿಡಿಸಿಕೊಂಡು ಅವರೆ ತನ್ನದೇ ಹೊಲ ಪಡೆಯಿತು, ವರ್ಷದ ಯಾವ ತಿಂಗಳಲ್ಲಿಯೂ ಪೇಟೆಗೆ ಬಂತು. ಸೊಗಡು ಮಾತ್ರ ಹಿಂದಿನಂತಿಲ್ಲವೆಂದು ಹಳಬರು ದೂರುತ್ತಾರೆ. ಶ್ರಾವಣದಲ್ಲಿ ಹಸಿ ಅವರೆಕಾಯಿ ಸಿಗುವ ಕಾಲದಲ್ಲಿ, ಮಳೆಗಾಲದ ಒಡೆಯದ ಕಾಳನ್ನು ಕುರಿತ ವಿಧಿ ಆ ಹಸಿ ಕಾಳಿಗೆ ಅನ್ವಯಿಸುತ್ತದೆಯೇ ಎಂಬುದು ಆಶಾಧರನ ಎದುರಿಗೆ ಇರದಿದ್ದ ಪ್ರಶ್ನೆ. ಅವನ ಮಾತಿನ ಹಿಂದಿದ್ದದ್ದು ಕಣಜದಲ್ಲಿ ಕುಳಿತ ಒಣಕಾಳು. ಹಸಿ ಕಾಳಿಗೆ ಕಾಯಿಯ ವಿಧಿಯೇ ಸಾಕು ಎಂದು ತೀರ್ಮಾನಿಸುವುದು ಗ್ರಂಥದ ಆಶಯಕ್ಕೆ ಹೆಚ್ಚು ಹತ್ತಿರ.

ಪುಷ್ಯಮಾಸದಲ್ಲಿ ಬೆಂಗಳೂರಿನ ಮಾರುಕಟ್ಟೆಗಳ ಬದಿಯಲ್ಲಿ ಗೋಣಿತಾಟಿನ ಮೇಲೆ ಹೆಂಗಸರು ಸಾಲಾಗಿ ಕುಳಿತು ಅವರೆ ಬಿಡಿಸುತ್ತಾರೆ. ಮಾಗಡಿ, ಕೋಲಾರ, ಚಿಂತಾಮಣಿ ಕಡೆಯಿಂದ ಬಂದ ಕಾಯಿಯ ರಾಶಿ ಒಂದು ಪಕ್ಕ, ಸಿಪ್ಪೆಯ ರಾಶಿ ಇನ್ನೊಂದು ಪಕ್ಕ, ನಡುವೆ ಬುಟ್ಟಿಯಲ್ಲಿ ಕಾಳು, ಅದರಾಚೆ ನೀರಿನ ಬೋಗುಣಿಯಲ್ಲಿ ಹಿದುಕಿದ ಬೇಳೆ. ಕೊಳ್ಳುವವರಲ್ಲಿ ಹೆಚ್ಚಿನವರು ಈಗ ಕಾಯಿಯ ಕಡೆಗೆ ನೋಡುವುದಿಲ್ಲ. ಕಾಳನ್ನೋ ಬೇಳೆಯನ್ನೋ ತೂಗಿಸಿ ಒಯ್ಯುತ್ತಾರೆ. ಕಾಯಿಯ ಸೊಗಡು ಬಿಡಿಸಿದವರ ಬೆರಳಲ್ಲಿಯೇ ಉಳಿಯುತ್ತದೆ. ಆ ಬೆರಳುಗಳು ಮಾತಿನ ನಡುವೆಯೂ ಹುಳುಗಾಯಿಯನ್ನು ತಪ್ಪದೆ ಗುರುತಿಸಿ ಪಕ್ಕಕ್ಕೆ ಹಾಕುತ್ತವೆ.